ಸಾರಿ ಹೇಳಿದರೆ ಟೀಮ್ ಸರಿಹೋಗುತ್ತಾ?

ಪುಂಜಾಲಕಟ್ಟೆಯ ಮನೆಯಿಂದಲೇ ಆಫೀಸು ನಡೆಸಿದ ಮಳೆಗಾಲದಲ್ಲಿ, ಕರೆಂಟು ಇದ್ದ ರಾತ್ರಿಗಳಲ್ಲೆಲ್ಲ ‘ದಿ ಎಕ್ಸ್‌ಪ್ಯಾನ್ಸ್’ ಮತ್ತೆ ನೋಡಿದೆ. 2015ರಿಂದ 2022ರವರೆಗೆ ಬಂದ ಆರು ಸೀಸನ್.

‘ಸ್ಟಾರ್ ಟ್ರೆಕ್: ನೆಕ್ಸ್ಟ್ ಜನರೇಶನ್’ನಲ್ಲಿ ಸಹೋದ್ಯೋಗಿಗಳು ಕಿತ್ತಾಡುವುದೇ ಕಡಿಮೆ. ಅಷ್ಟು ಹೊತ್ತಿಗೆ ಮನುಷ್ಯ ಸಣ್ಣತನ ಬಿಟ್ಟಿರುತ್ತಾನೆ ಅಂತ ಜೀನ್ ರಾಡನ್‌ಬೆರಿಯ ಹಟ. ಚಂದವೇ, ಆದರೆ ಎಚ್‌ಆರ್ ಪೋಸ್ಟರಿನ ಚಂದ.

ಎಕ್ಸ್‌ಪ್ಯಾನ್ಸ್‌ನ ನಾಲ್ವರು ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ. ಐಸ್ ಸಾಗಿಸುತ್ತಿದ್ದ ಹಡಗು ಸಿಡಿದಾಗ ಬದುಕಿ ಉಳಿದವರು. ಹೋಲ್ಡನ್, ಆಮೋಸ್ ಭೂಮಿಯವರು, ಅಲೆಕ್ಸ್ ಮಂಗಳದವನು, ನವೋಮಿ ಕ್ಷುದ್ರಗ್ರಹಗಳ ಬೆಲ್ಟ್‌ನವಳು. (ನಮ್ಮ ಟೀಮುಗಳೂ ಯಾವುದೋ ಮುಳುಗಿದ ಪ್ರಾಜೆಕ್ಟಿನಿಂದ ಬಂದವರದ್ದೇ ಅಲ್ವಾ?)

ಎರಡನೇ ಸೀಸನ್ನಿನ ಕೊನೆಗೆ ನವೋಮಿ ಬಾಯಿಬಿಡುತ್ತಾಳೆ: ನಾಶ ಮಾಡಬೇಕಿದ್ದ ಪ್ರೋಟೊಮಾಲಿಕ್ಯೂಲನ್ನು ಗುಟ್ಟಾಗಿ ಉಳಿಸಿ ಬೆಲ್ಟ್‌ನವರಿಗೆ ಒಪ್ಪಿಸಿದ್ದಾಳೆ. ದೊಡ್ಡವರ ಕೈಗೆಲ್ಲ ಅದು ಸಿಗುವಾಗ ತನ್ನ ಜನ ಮಾತ್ರ ಬರಿಗೈಯಲ್ಲಿ ಇರಬಾರದು ಅಂತ. ಬೇರೆ ಸರಣಿಯಾಗಿದ್ದರೆ ಒಂದು ಅಳು, ಒಂದು ಸಾರಿ, ಮುಂದಿನ ಎಪಿಸೋಡಿಗೆ ಎಲ್ಲ ಸರಿ. ಇಲ್ಲಿ ಹಾಗಲ್ಲ ಮಾರಾಯ್ರೇ. ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡೇ ಯುದ್ಧದ ನಡುವೆ ಹಡಗು ನಡೆಸುತ್ತಾರೆ, ಯಾಕೆಂದರೆ ಇಂಜಿನಿಗೆ ಅವಳೇ ಬೇಕು. ಮೂರನೇ ಸೀಸನ್ನಿನ ನಡುವೆ ಅವಳು ಹಡಗನ್ನೇ ಬಿಟ್ಟು ತನ್ನವರ ಕಡೆ ಹೋಗುತ್ತಾಳೆ. ಸರಣಿಯ ಅತ್ಯುತ್ತಮ ಭಾಗ ಈ ಮುಜುಗರದ್ದೇ.

ಐದನೇ ಸೀಸನ್ನಿನಲ್ಲಿ ನಾಲ್ವರೂ ನಾಲ್ಕು ದಿಕ್ಕಿಗೆ. ಕತೆ ಎಳೆದಂತೆ ಕಾಣುತ್ತದೆ, ನಿಜ. ಆದರೆ ಭೂಮಿಯಲ್ಲಿ ಒಬ್ಬನನ್ನು ಕೊಂದ ಮೇಲೆ ಆಮೋಸ್, ತಾನು ಬೇಗ ತನ್ನವರ ಹತ್ತಿರ ವಾಪಸ್ ಹೋಗಬೇಕು ಅನ್ನುತ್ತಾನೆ. ಸರಿ ಯಾವುದು, ತಪ್ಪು ಯಾವುದು ಅಂತ ಅವನು ನೋಡಿ ಕಲಿತದ್ದು ನವೋಮಿಯಿಂದ.