ಕಡಲು ಬಿಡದ ನಟ
ಸ್ಟರ್ಲಿಂಗ್ ಹೇಡನ್ ನಟನಾಗುವ ಮೊದಲೇ ನಾವಿಕ. ಹದಿಹರೆಯದಲ್ಲೇ ಶಾಲೆ ಬಿಟ್ಟು ಹಾಯಿಹಡಗು ಹತ್ತಿದ ಈತ 1938ರಲ್ಲಿ, 22ರ ಪ್ರಾಯಕ್ಕೇ, ಅಮೆರಿಕದ ಗ್ಲೌಸ್ಟರ್‌ನಿಂದ ತಹೀಟಿಗೆ ಹಡಗು ನಡೆಸಿದ ಕಪ್ತಾನ.

ಹಾಲಿವುಡ್ ಮರುಳಾದದ್ದು ಆರಡಿ ಐದಿಂಚಿನ ನಿಲುವಿಗೆ. ಆದರೆ 'ಡಾ. ಸ್ಟ್ರೇಂಜ್‌ಲವ್' (1964) ನೋಡಬೇಕು. ಕೆಳಗಿನಿಂದ ದಿಟ್ಟಿಸುವ ಕ್ಯಾಮೆರಾ, ತುಟಿಯಲ್ಲಿ ದಪ್ಪ ಚುಟ್ಟಾ. ಹುಚ್ಚು ಜನರಲ್‌ನ ಮಾತೆಲ್ಲ ಅಸಂಬದ್ಧ. ದನಿ ಮಾತ್ರ ಅಪ್ಪಣೆ ಕೊಟ್ಟು ಪಳಗಿದ ಕಪ್ತಾನನದು. ನಡುಕ ಹುಟ್ಟುವುದು ಅಲ್ಲೇ. 'ದಿ ಗಾಡ್‌ಫಾದರ್'ನ ಭ್ರಷ್ಟ ಪೊಲೀಸ್ ಅಧಿಕಾರಿಯೂ ಈತನೇ.

1959ರಲ್ಲಿ ನ್ಯಾಯಾಲಯ ಬೇಡವೆಂದರೂ ನಾಲ್ವರು ಮಕ್ಕಳನ್ನು ಕಟ್ಟಿಕೊಂಡು 'ವಾಂಡರರ್' ಹಡಗಿನಲ್ಲಿ ಮತ್ತೆ ತಹೀಟಿಗೆ ಹೊರಟ. ಅದೇ ಹೆಸರಿನ ಆತ್ಮಕಥೆ 1963ರಲ್ಲಿ ಬಂತು. ಸಿನಿಮಾಗಳಷ್ಟೇ ಗಟ್ಟಿ ಪುಸ್ತಕ, ಸಿಕ್ಕರೆ ಬಿಡಬೇಡಿ.