ಕೇಟ್ ಮಾರ್ಸ್‌ಡೆನ್ ಏರಿದ ಮರದ ಜೀನು

ಬೇತಮಂಗಲದ ಕಡೆಯವರಿಗೆ ಸಾಹಸವೆಂದರೆ ಆಳದ ಮಾತು. ಪಕ್ಕದ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿ.ಮೀ.ಗೂ ಹೆಚ್ಚು ಕೆಳಗಿಳಿದಿದೆ. ಆದರೂ 1891ರಲ್ಲಿ ಒಬ್ಬ ಇಂಗ್ಲಿಷ್ ನರ್ಸ್ ಕೈಗೊಂಡ ಪ್ರಯಾಣದ ಮುಂದೆ ನನಗೆ ಮಾತೇ ಹೊರಡುವುದಿಲ್ಲ.

ಸೈಬೀರಿಯಾದ ಕಾಡಿನಲ್ಲಿ ಊರಾಚೆ ಬಿಸಾಡಲ್ಪಟ್ಟಿದ್ದ ಕುಷ್ಠರೋಗಿಗಳನ್ನು ಕಣ್ಣಾರೆ ಕಂಡು, ಅವರಿಗೊಂದು ಆಸ್ಪತ್ರೆ ಕಟ್ಟಿಸಲು ಹಣ ಕೂಡಿಸಬೇಕೆಂದು ಹೊರಟವಳು ಕೇಟ್ ಮಾರ್ಸ್‌ಡೆನ್. ಆಕೆಯ ಸಿದ್ಧತೆಯನ್ನೇ ನೋಡಿ: ಉಣ್ಣೆಬಟ್ಟೆ, ಅದರ ಮೇಲೆ ಕುರಿಚರ್ಮ, ಅದರ ಮೇಲೆ ಹಿಮಸಾರಂಗದ ಚರ್ಮ. ಕಾಲು ಮಡಿಸಲಾಗದೆ, ಆಕೆಯನ್ನು ಬೇರೆಯವರೇ ಎತ್ತಿ ಜಾರುಬಂಡಿಯಲ್ಲಿ ಕೂರಿಸಬೇಕಾಯಿತು! ಬುತ್ತಿಗೆ ಸುಮಾರು 18 ಕಿಲೋ ಪ್ಲಮ್ ಪುಡ್ಡಿಂಗ್; ಬಹಳ ದಿನ ಕೆಡದ ತಿನಿಸು. ಬುದ್ಧಿವಂತೆ.

ಆಕೆಯ ನಿಜವಾದ ಕಸುವು ಕಾಣುವುದು ಸೈಬೀರಿಯಾದ ಯಾಕುತ್ಸ್ಕ್ ಪಟ್ಟಣ ದಾಟಿದ ಮೇಲೆ. ಅಲ್ಲಿಂದ ಕುದುರೆಯೇ ಗತಿ. ಅದೂ ಅರೆಪಳಗಿದ ಕುದುರೆ, ಬೆನ್ನ ಮೇಲೆ ಅಗಲವಾದ ಗಡಸು ಮರದ ಜೀನು. ಆ ಕಾಲದ ಇಂಗ್ಲಿಷ್ ಹೆಂಗಸರು ಒಂದೇ ಪಕ್ಕಕ್ಕೆ ಕಾಲಿಟ್ಟು ಕೂರುತ್ತಿದ್ದರು. ಈಕೆ ಗಂಡಸರಂತೆ ಎರಡೂ ಕಡೆ ಕಾಲು ಹಾಕಿದಳು. ಕೆಸರಿನಲ್ಲಿ ಕುದುರೆ ಹೊಟ್ಟೆಯವರೆಗೆ ಹೂತಾಗ ಲಗಾಮು ಜಗ್ಗದೆ ಅದರ ಮರ್ಜಿಗೆ ಬಿಡುವ ತಾಳ್ಮೆ ಬೇಕು. ಸೊಳ್ಳೆ, ನೆಲದೊಳಗೇ ಹೊಗೆಯಾಡುವ ಕಾಡ್ಗಿಚ್ಚು ಬೇರೆ. ಕುದುರೆ ಮೇಲೆ ಸಾಗಿದ್ದು ಸುಮಾರು 3,200 ಕಿ.ಮೀ.

ಮರಳಿ ಬಂದು ಪುಸ್ತಕ ಬರೆದಳು, ಭಾಷಣ ಮಾಡಿದಳು, ಹಣ ಎತ್ತಿದಳು. ಸುಳ್ಳುಗಾರ್ತಿ ಎಂದವರೂ ಇದ್ದರು. ಆದರೆ ಸೈಬೀರಿಯಾದ ವಿಲ್ಯುಯ್ಸ್ಕ್‌ನಲ್ಲಿ ಕುಷ್ಠರೋಗಿಗಳ ಆಸ್ಪತ್ರೆ 1897ರಲ್ಲಿ ಬಾಗಿಲು ತೆರೆಯಿತು.