ಗ್ರಾಮಾರೋಗ್ಯದ ಪರಿಶೀಲನಾ ಪಟ್ಟಿ ಮತ್ತು ದೇಹತೂಕದ ಪ್ರಶ್ನೆ: ಒಂದು ಐತಿಹಾಸಿಕ ವಿಮರ್ಶೆ

ಆಡಳಿತವು ಪ್ರಜೆಯ ದೇಹವನ್ನು ಅಳೆದಾಗಲೆಲ್ಲ ಒಂದು ದಾಖಲೆ ಹುಟ್ಟುತ್ತದೆ. ಆ ದಾಖಲೆಯಲ್ಲಿ ಅಳತೆಗೊಳಗಾದವನ ಸ್ಥಿತಿ ಎಷ್ಟು ಕಾಣುವುದೋ ಅಳೆದವನ ದೃಷ್ಟಿಯೂ ಅಷ್ಟೇ ಕಾಣುವುದು. ಆದುದರಿಂದ ಆಶಾ ಕಾರ್ಯಕರ್ತೆಯರು ಮೂವತ್ತು ವರ್ಷ ತುಂಬಿದವರಿಗಾಗಿ ಬರೆದುಕೊಳ್ಳುವ ಸಮುದಾಯ ಆಧಾರಿತ ಪರಿಶೀಲನಾ ಪಟ್ಟಿಯನ್ನು ವೈದ್ಯರಂತೆಯೇ ಚರಿತ್ರೆಯ ಅಭ್ಯಾಸಿಗಳೂ ಓದುವುದು ಯುಕ್ತ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. 2018ರ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಯೋಜನೆಯೊಡನೆ ಈ ಪಟ್ಟಿಯ ಬಳಕೆ ವ್ಯಾಪಕವಾಯಿತು. ಗದಗಿನ ನೆರೆಯ ಕಳಸಾಪುರದಂತಹ ಊರಿನಲ್ಲಿ ದೇಹತೂಕವನ್ನು ಕುರಿತು ಸರಕಾರವು ವಯಸ್ಕರೊಡನೆ ಆಡುವ ಮೊದಲ ಮಾತು ಬಹುಮಟ್ಟಿಗೆ ಇದೇ. ಇದರ ಗುಣದೋಷಗಳ ವಿವೇಚನೆ ಪ್ರಕೃತ ಲೇಖನದ ಉದ್ದೇಶ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಪಟ್ಟಿಯು ತಕ್ಕಡಿಯನ್ನು ನೆಚ್ಚದೆ ಟೇಪನ್ನು ನೆಚ್ಚಿದೆ. ಹೆಂಗಸರಲ್ಲಿ ಸೊಂಟದ ಸುತ್ತಳತೆ 80 ಸೆಂಟಿಮೀಟರು ಮೀರಿದರೆ ಒಂದು ಅಂಕ, 90 ಮೀರಿದರೆ ಎರಡು; ಗಂಡಸರಲ್ಲಿ ಈ ಎಲ್ಲೆಗಳು 90 ಮತ್ತು 100. ನಮ್ಮ ಜನರಲ್ಲಿ ಒಟ್ಟು ತೂಕ ಹೆಚ್ಚದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದುಂಟು. ಏಷ್ಯದ ಜನರಿಗೆ ದೇಹತೂಕ ಸೂಚ್ಯಂಕ 23ರಿಂದಲೇ ಎಚ್ಚರ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ತಿಳಿಸಿದ್ದರು. ಅಗ್ಗದ ಟೇಪಿನಿಂದ ಅಂಥವರನ್ನು ಗುರುತಿಸುವ ಉಪಾಯ ಶ್ಲಾಘ್ಯವೇ ಸರಿ.

ಆದರೆ ಈ ಟೇಪು ಯಾವ ಸಮಾಜದ ಸುತ್ತ ಹರಿಯುತ್ತಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕದ ಹೆಂಗಸರ ಪ್ರಮಾಣ 2015-16ರಲ್ಲಿ ನೂರಕ್ಕೆ 23.3 ಇದ್ದುದು 2019-21ರ ಸುತ್ತಿನಲ್ಲಿ 30.1ಕ್ಕೆ ಏರಿತು. ಅದೇ ಸುತ್ತಿನಲ್ಲಿ ನೂರಕ್ಕೆ 17.2 ಹೆಂಗಸರ ತೂಕ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಒಂದೇ ಓಣಿಯಲ್ಲಿ ಎರಡು ಬಗೆಯ ಕೇಡು ಕೂಡಿ ಬಾಳುತ್ತಿರುವಾಗ ಎಲ್ಲರಿಗೂ ‘ಮಿತವಾಗಿ ಉಣ್ಣಿ’ ಎಂದು ಬೋಧಿಸುವುದು ಅವಿವೇಕ.

ಈ ಸೀಮೆಯ ಪೂರ್ವಸ್ಮೃತಿಯನ್ನೂ ಇಲ್ಲಿ ನೆನೆಯಬೇಕು. 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯನ್ನು ಪೀಡಿಸಿತು. ಗದಗು ಆಗ ಆ ಜಿಲ್ಲೆಯ ಭಾಗ. 1877ರಲ್ಲಿ ರಿಚರ್ಡ್ ಟೆಂಪಲ್ ಬರಗಾಲದ ಕೆಲಸಗಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದು ಗೊತ್ತುಮಾಡಿದನು. ದುಡಿಯುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವೂ ಜೊತೆಗೆ ಬೇಳೆ-ತರಕಾರಿಯೂ ಬೇಕೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ವಾದಿಸಿದನು. ದುಡಿಮೆಯನ್ನು ಎಣಿಸದ ಅಳತೆ ಅಳತೆಯೇ ಅಲ್ಲವೆಂಬುದು ಈ ವಾದದ ತಿರುಳು. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ನಮ್ಮಲ್ಲಿ ಇಂದಿಗೂ ಹೊಗಳಿಕೆ. ‘ಯಾಕವ್ವಾ, ಸೊರಗೀದಿ’ ಎಂಬುದು ಕಳವಳದ ಮಾತು. ಈ ನುಡಿಗಳನ್ನು ಅಜ್ಞಾನವೆಂದು ತಳ್ಳುವವರು ಹಸಿವಿನ ಚರಿತ್ರೆಯನ್ನು ಮರೆತವರು.

ಪಟ್ಟಿಯ ಮುಖ್ಯ ದೋಷಗಳು ಮೂರು. ವಾರಕ್ಕೆ 150 ನಿಮಿಷಗಳ ದೈಹಿಕ ಚಟುವಟಿಕೆ ಇದೆಯೇ ಎಂಬುದು ಒಂದು ಪ್ರಶ್ನೆ. ಇದನ್ನು ‘ವ್ಯಾಯಾಮ ಮಾಡುತ್ತೀರಾ?’ ಎಂದು ಕೇಳಿದರೆ ದಿನವಿಡೀ ಮೆಣಸಿನ ಹೊಲದಲ್ಲಿ ಕಳೆ ತೆಗೆದ ಕೂಲಿ ಹೆಂಗಸು ‘ಇಲ್ಲ’ ಎನ್ನುವಳು. ಆಕೆಯ ದುಡಿಮೆ ಸೋಮಾರಿತನವಾಗಿ ದಾಖಲಾಗುವುದು. ಬೆಟಗೇರಿಯ ಮಗ್ಗದಲ್ಲಿ ಕುಳಿತು ಕಾಲಿನಿಂದ ಹಲಗೆ ತುಳಿಯುವ ನೇಕಾರನ ಕೆಲಸ ಯಾವ ಬಗೆಯದೆಂಬುದನ್ನೂ ಪಟ್ಟಿ ಬಿಡಿಸಿ ಹೇಳದು.

ಎರಡನೆಯದು, ಅಂಕ ಕೊಡುವ ಆರು ಪ್ರಶ್ನೆಗಳಲ್ಲಿ ಉಣಿಸಿನ ಪ್ರಶ್ನೆಯೇ ಇಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ ಈ ಎರೆಭೂಮಿಯ ಊಟ. 2013ರ ಅನ್ನಭಾಗ್ಯವು ಬಡವರ ಮನೆಯಲ್ಲಿ ಹಸಿವನ್ನು ತಗ್ಗಿಸಿದ ಉಪಕಾರವನ್ನು ಅಲ್ಲಗಳೆಯಲಾಗದು; ಆದರೆ ಪಡಿತರದ ಅಕ್ಕಿಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರಿಗೆ ಕಾಳು-ಪಲ್ಯದ ಬೆಲೆಯನ್ನು ಲೆಕ್ಕಿಸದೆ ಪಥ್ಯ ಹೇಳುವುದು ವ್ಯರ್ಥ.

ಮೂರನೆಯದೇ ಗುರುತರವಾದುದು. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರು ವಾರದ ತಪಾಸಣೆಯ ದಿನ ಬರಬೇಕು. ಬಂದರೆ ಆ ದಿನದ ಕೂಲಿ ಹೋಯಿತು. ಬಿಡುವುಳ್ಳವರು ಬರುವರು, ಕೂಲಿಯವರು, ತಾಂಡಾದವರು, ನಡೆಯಲಾರದವರು ಉಳಿಯುವರು. ಪರಿಷ್ಕೃತ ಪಟ್ಟಿಯಲ್ಲಿ ಅಂಗವೈಕಲ್ಯವನ್ನೂ ಹಾಸಿಗೆ ಹಿಡಿದಿರುವುದನ್ನೂ ಗುರುತಿಸಲು ಸ್ಥಳವಿದೆ. ಆದರೆ ಗುರುತು ಹಾಕಿದ ಮಾತ್ರಕ್ಕೆ ಸೇವೆ ದೊರೆತಂತಾಗದು. ಬಾರದವರ ಹೆಸರು ರೋಗಿಗಳ ಲೆಕ್ಕದಲ್ಲಿ ಇಲ್ಲದಿರುವುದನ್ನು ಆರೋಗ್ಯವೆಂದು ತಿಳಿಯುವುದು, ಶಾಸನವಿಲ್ಲದ ಊರಿಗೆ ಚರಿತ್ರೆಯೇ ಇಲ್ಲವೆಂದಷ್ಟೇ ತಪ್ಪು. 2024ರಲ್ಲಿ ಕೋಲಾರದಲ್ಲಿ ಮೊದಲಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ತಪಾಸಣೆ ನಡೆಸುವುದರಿಂದ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲದು. ಆದರೆ ತೂಕದ ಪ್ರಶ್ನೆ ಒಂದು ಭೇಟಿಯಿಂದ ಮುಗಿಯತಕ್ಕದ್ದಲ್ಲ. ಅದಕ್ಕೆ ತಿಂಗಳುಗಟ್ಟಲೆಯ ಒಡನಾಟ ಬೇಕು.

ಒಡನಾಟದ ಮಾದರಿಗೆ ದೂರ ಹೋಗಬೇಕಾಗಿಲ್ಲ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾದ ಕೃಷಿ ಪತ್ತಿನ ಸಹಕಾರ ಸಂಘದ ಕಾಲದಿಂದ, ಫಲಾನುಭವಿಯೇ ಸದಸ್ಯನಾಗುವ ಕ್ರಮ ಈ ನೆಲಕ್ಕೆ ಪರಿಚಿತ. ಅದೇ ರೀತಿಯಲ್ಲಿ ಮಹಿಳಾ ಸಂಘಗಳು ಸಂಜೆಯ ಹೊತ್ತು, ತಮ್ಮ ಓಣಿಯಲ್ಲಿ, ತಾಂಡಾದಲ್ಲಾದರೆ ಲಂಬಾಣಿ ಮಾತಿನಲ್ಲಿ, ಅಳತೆ ಮತ್ತು ಸಲಹೆಗಳನ್ನು ನಡೆಸಲಿ; ಬಡಕಲಾದವರೂ ಸ್ಥೂಲರಾದವರೂ ಒಂದೇ ಕೂಟದಲ್ಲಿರಲಿ; ಅಳತೆಯನ್ನು ಮರೆಯಲ್ಲಿ ತೆಗೆದುಕೊಳ್ಳಲಿ. ಆಶಾ ಕಾರ್ಯಕರ್ತೆಗೆ ಈ ಹೆಚ್ಚಿನ ದುಡಿಮೆಗೆ ತಕ್ಕ ಸಂಭಾವನೆ ಸಲ್ಲಲಿ. ಕೆಲಸದ ಬಗೆ, ಪಡಿತರದ ಪಾಲು, ಬಿಡುವಿನ ಹೊತ್ತು, ಈ ಮೂರು ಪ್ರಶ್ನೆಗಳು ಪಟ್ಟಿಯಲ್ಲಿ ಸೇರಿದರೆ ಅದು ದೇಹದ ಸುತ್ತಳತೆಯೊಡನೆ ಬದುಕಿನ ಅಳತೆಯನ್ನೂ ಹೇಳೀತು.